ಉತ್ತರ ಅರ್ಧ ಯಾಕೆ ಬಂತು? ಆಮ್ಲ–ಪ್ರತ್ಯಾಮ್ಲ ಟೈಟ್ರೇಶನ್ ಲೆಕ್ಕ ಬಿಡಿಸುವ ಬಗೆ

ಕಳೆದ ವಾರ ಸಂಜೆ ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಒಬ್ಬ ಹುಡುಗಿ ಪ್ರಾಕ್ಟಿಕಲ್ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟಳು. ಪಿಯು ಮೊದಲ ವರ್ಷ. ಹಾವೇರಿ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡು ಓದುತ್ತಾಳೆ.

"ಸರ್, ಎಲ್ಲಾ ಬರೋಬ್ಬರಿ ಮಾಡೇನ್ರಿ. ಉತ್ತರ ಮಾತ್ರ ಅರ್ಧ ಬರಾಕತ್ತೈತ್ರಿ."

"ಸಮೀಕರಣ ಎಲ್ಲೈತವಾ?"

"ಅದನ್ನ ಬರದಿಲ್ರಿ ಸರ್. ಸೂತ್ರ ಗೊತ್ತಿತ್ತಲ್ರಿ, ಸೀದಾ ಹಾಕಿಬಿಟ್ಟೆ."

ನೋಟ್‌ಬುಕ್ ನೋಡಿದೆ. ಅದು ಟೈಟ್ರೇಶನ್ ಪ್ರಯೋಗ, ಅಂದರೆ ಸಾಂದ್ರತೆ ಗೊತ್ತಿರುವ ಒಂದು ದ್ರಾವಣದ ಜೊತೆ ಇನ್ನೊಂದನ್ನು ಹನಿ ಹನಿಯಾಗಿ ಬೆರೆಸಿ, ಗೊತ್ತಿಲ್ಲದ್ದರ ಸಾಂದ್ರತೆ ಕಂಡುಹಿಡಿಯುವುದು. ಬ್ಯೂರೆಟ್ (ಹನಿ ಇಳಿಸುವ, ಗೆರೆ ಹಾಕಿದ ಗಾಜಿನ ಕೊಳವೆ) ರೀಡಿಂಗ್ ಚೆನ್ನಾಗಿದ್ದವು. ಮೂರು ಸಲವೂ 9.5 ಮಿ.ಲೀ. ಮೊದಲ ವರ್ಷದವರ ಕೈಯಲ್ಲಿ ಅಷ್ಟು ಒಂದೇ ಸಮ ರೀಡಿಂಗ್ ಬರುವುದು ದೊಡ್ಡ ಮಾತು. ಕೈ ತಪ್ಪಿರಲಿಲ್ಲ, ಗುಣಾಕಾರ ತಪ್ಪಿರಲಿಲ್ಲ. ಬರೆಯದೇ ಬಿಟ್ಟ ಒಂದು ಸಾಲು ಉತ್ತರವನ್ನು ಅರ್ಧ ಮಾಡಿತ್ತು. ಹದಿನೈದು ವರ್ಷದಿಂದ ಈ ಲೆಕ್ಕ ಹೇಳಿಕೊಡುತ್ತಿದ್ದೇನೆ. ತಪ್ಪಾಗುವ ಲೆಕ್ಕಗಳಲ್ಲಿ ಹೆಚ್ಚಿನವು ಈ ಒಂದು ಸಾಲಿನಲ್ಲೇ ತಪ್ಪುತ್ತವೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಎಲ್ಲವನ್ನೂ ಮೋಲ್‌ಗೆ ತನ್ನಿ

ಎಂ1ವಿ1 = ಎಂ2ವಿ2. ಎಂ ಅಂದರೆ ಮೋಲಾರಿಟಿ, ಒಂದು ಲೀಟರಿನಲ್ಲಿ ಎಷ್ಟು ಮೋಲ್ ಎಂಬುದು. ವಿ ಅಂದರೆ ದ್ರಾವಣದ ಪ್ರಮಾಣ. ಮೋಲ್ ಅಂದರೆ ಡಜನ್ ಇದ್ದಂತೆ, ಕಣಗಳನ್ನು ಎಣಿಸುವ ಅಳತೆ. ಈ ಸೂತ್ರ ಎಲ್ಲರಿಗೂ ಬಾಯಿಪಾಠ. ಅದು ಸುಳ್ಳಲ್ಲ. ಆದರೆ ಒಂದು ಆಮ್ಲದ ಕಣಕ್ಕೆ ಒಂದೇ ಪ್ರತ್ಯಾಮ್ಲದ ಕಣ ಬೇಕಾದಾಗ ಮಾತ್ರ ನಿಜ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಇದ್ದರೆ ನಡೆಯುತ್ತದೆ. ಆಕ್ಸಾಲಿಕ್ ಆಮ್ಲ ಬಂತೋ, ನಡೆಯುವುದಿಲ್ಲ. ಯಾಕೆಂದರೆ ಆಕ್ಸಾಲಿಕ್ ಆಮ್ಲ ಎರಡು ಹೈಡ್ರೋಜನ್ ಬಿಟ್ಟುಕೊಡುತ್ತದೆ. ಒಂದಕ್ಕೆ ಎರಡು ಸೋಡಿಯಂ ಹೈಡ್ರಾಕ್ಸೈಡ್ ಬೇಕು:

1 ಆಕ್ಸಾಲಿಕ್ ಆಮ್ಲ + 2 ಸೋಡಿಯಂ ಹೈಡ್ರಾಕ್ಸೈಡ್ → 1 ಸೋಡಿಯಂ ಆಕ್ಸಲೇಟ್ + 2 ನೀರು

ಇದೇ ಆ ಹುಡುಗಿ ಬರೆಯದೇ ಬಿಟ್ಟ ಸಾಲು. ನಮ್ಮ ಕಡೆ ಒಂದು ಪ್ಲೇಟ್ ಗಿರ್ಮಿಟ್ ಹೇಳಿದರೆ ಜೊತೆಗೆ ಎರಡು ಮಿರ್ಚಿ ಬೇಕೇ ಬೇಕು ಅಂದುಕೊಳ್ಳಿ. ಐದು ಪ್ಲೇಟ್ ಗಿರ್ಮಿಟ್ ಹೋದರೆ ಹತ್ತು ಮಿರ್ಚಿ ಹೋಗಿರುತ್ತವೆ. ಹತ್ತು ಮಿರ್ಚಿ ಖಾಲಿಯಾಗಿದ್ದರೆ ಐದು ಪ್ಲೇಟ್ ಹೋಗಿರುತ್ತದೆ. ಗಿರ್ಮಿಟ್ ಎಷ್ಟೋ ಮಿರ್ಚಿಯೂ ಅಷ್ಟೇ ಎಂದು ಅಂಗಡಿಯವರು ಲೆಕ್ಕ ಹಿಡಿದರೆ ಸಂಜೆ ಹೊತ್ತಿಗೆ ಅರ್ಧ ಮಿರ್ಚಿ ಲೆಕ್ಕಕ್ಕೆ ಸಿಗುವುದಿಲ್ಲ. ನೋಟ್‌ಬುಕ್‌ನಲ್ಲಿ ಆದದ್ದು ಅದೇ.

ಹಾಗಾಗಿ ಸೂತ್ರ ಬದಿಗಿಡಿ. ದಾರಿ ಒಂದೇ ಇದೆ, ನಾಲ್ಕು ಹೆಜ್ಜೆ. ಮೊದಲು ಸಮೀಕರಣ ಬರೆದು ಸರಿದೂಗಿಸಿ, ಯಾವುದು ಎಷ್ಟಕ್ಕೆ ಎಷ್ಟು ಎಂದು ನೋಡಿ. ಎರಡನೆಯದು, ಪ್ರಮಾಣವೂ ಗೊತ್ತು, ಮೋಲಾರಿಟಿಯೂ ಗೊತ್ತು ಎನ್ನುವ ದ್ರಾವಣ ಯಾವುದೆಂದು ಗುರುತಿಸಿ, ಅದರ ಮೋಲ್ ಲೆಕ್ಕ ಹಾಕಿ. ಮೂರನೆಯದು, ಸಮೀಕರಣದ ಅನುಪಾತ ಹಿಡಿದು ಇನ್ನೊಂದರ ಮೋಲ್‌ಗೆ ದಾಟಿ. ಕೊನೆಗೆ ಪ್ರಶ್ನೆ ಕೇಳಿದ್ದನ್ನು ಕೊಡಿ. ಅದು ಮೋಲಾರಿಟಿ ಇರಬಹುದು, ಲೀಟರಿಗೆ ಎಷ್ಟು ಗ್ರಾಂ ಎಂದಿರಬಹುದು, ಶೇಕಡಾ ಇರಬಹುದು.

ಒಂದು ಅನುಕೂಲ ಹೇಳುತ್ತೇನೆ. ಮಿಲಿಲೀಟರನ್ನು ಲೀಟರ್ ಮಾಡಿ ಸೊನ್ನೆಗಳ ಜೊತೆ ಒದ್ದಾಡಬೇಡಿ. ಮಿ.ಲೀ. ಅನ್ನು ಮೋಲಾರಿಟಿಯಿಂದ ನೇರ ಗುಣಿಸಿದರೆ ಮಿಲಿಮೋಲ್ ಸಿಗುತ್ತದೆ. ಮಿಲಿಮೋಲನ್ನು ಮಿ.ಲೀ.ಯಿಂದ ಭಾಗಿಸಿದರೆ ಮತ್ತೆ ಮೋಲಾರಿಟಿ. ಮಿಲಿಮೋಲನ್ನು ಮೋಲಾರ್ ತೂಕದಿಂದ, ಅಂದರೆ ಒಂದು ಮೋಲ್ ಎಷ್ಟು ಗ್ರಾಂ ಎಂಬ ಅಂಕಿಯಿಂದ, ಗುಣಿಸಿದರೆ ಮಿಲಿಗ್ರಾಂ. ಟೈಟ್ರೇಶನ್ ಲೆಕ್ಕ ಪೂರ್ತಿ ಇದರಲ್ಲೇ ನಡೆಯುತ್ತದೆ. ಪರೀಕ್ಷೆಯಲ್ಲಿ ದಶಮಾಂಶ ಬಿಂದು ಜಾರುವ ಭಯ ಅರ್ಧ ಕಡಿಮೆಯಾಗುತ್ತದೆ.

ಸುಲಭದ್ದು ಒಂದು ನೋಡಿ. 20.0 ಮಿ.ಲೀ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 24.6 ಮಿ.ಲೀ. ಹಿಡಿಯಿತು. ಅನುಪಾತ 1ಕ್ಕೆ 1. ಸೋಡಿಯಂ ಹೈಡ್ರಾಕ್ಸೈಡ್ 24.6 × 0.1 = 2.46 ಮಿಲಿಮೋಲ್. ಆಮ್ಲವೂ 2.46. ಮೋಲಾರಿಟಿ 2.46 ÷ 20.0 = 0.123. ಮುಗಿಯಿತು.

ಆ ಹುಡುಗಿಯ ಲೆಕ್ಕ, ಮೊದಲಿನಿಂದ

ಅವಳ ಪ್ರಯೋಗ ಹೀಗಿತ್ತು. 250 ಮಿ.ಲೀ. ಆಕ್ಸಾಲಿಕ್ ಆಮ್ಲದ ದ್ರಾವಣ, 0.05 ಮೋಲಾರ್, ತಾನೇ ತಯಾರಿಸಬೇಕು. ಅದರಲ್ಲಿ 10.0 ಮಿ.ಲೀ. ಪಿಪೆಟ್‌ನಿಂದ (ಗೊತ್ತಾದ ಅಳತೆಯಷ್ಟನ್ನೇ ಎಳೆದು ಬಿಡುವ ಗಾಜಿನ ಕೊಳವೆ) ತೆಗೆದು, ಬ್ಯೂರೆಟ್‌ನಲ್ಲಿರುವ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು ಸಾಂದ್ರ ಎಂದು ಕಂಡುಹಿಡಿಯಬೇಕು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಸೋಡಿಯಂ ಹೈಡ್ರಾಕ್ಸೈಡನ್ನೇ ತೂಕ ಮಾಡಿ ಕರಗಿಸಿದರೆ ಆಗುತ್ತಿರಲಿಲ್ವಾ? ಆಕ್ಸಾಲಿಕ್ ಆಮ್ಲದ ಸುತ್ತು ಬಳಸು ಯಾಕೆ?

ಜುಲೈ ತಿಂಗಳಲ್ಲಿ ಧಾರವಾಡದ ಜಿಟಿಜಿಟಿ ಮಳೆಯ ಹೊತ್ತಲ್ಲಿ ನಾಲ್ಕು ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್‌ಗೇ ಇನ್ನೊಂದು ಹೆಸರು) ಗುಳಿಗೆ ತೆಗೆದು ವಾಚ್ ಗ್ಲಾಸ್ ಮೇಲಿಟ್ಟು ನೋಡಿ. ಇಟ್ಟಾಗ ಬೆಳ್ಳಗೆ, ಒಣಗಿದಂತೆ ಇರುತ್ತವೆ. ಸ್ವಲ್ಪ ಹೊತ್ತಿಗೆ ಮೈ ಹೊಳೆಯುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಮಳೆಗಾಲದ ಬೆಲ್ಲದ ಹಾಗೆ ಬೆವತು ಗಾಜಿಗೆ ಅಂಟಿಕೊಳ್ಳುತ್ತವೆ. ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ, ಏರುತ್ತಲೇ ಇರುತ್ತದೆ. ಗಾಳಿಯ ನೀರನ್ನು ಅದು ಹೀರುತ್ತಿದೆ. ಜೊತೆಗೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ಹಿಡಿದು ಸೋಡಿಯಂ ಕಾರ್ಬೊನೇಟ್ ಆಗುತ್ತಿದೆ. ನೀವು 4 ಗ್ರಾಂ ತೂಗಿದ್ದರಲ್ಲಿ ನಿಜವಾದ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು ಎಂದು ಹೇಳುವವರು ಯಾರು? ಆಕ್ಸಾಲಿಕ್ ಆಮ್ಲದ ಹರಳು ಹಾಗಲ್ಲ. ತೂಗಿದಷ್ಟು ಇರುತ್ತದೆ. ಅದಕ್ಕೇ ಅದನ್ನು ಅಳತೆಗೋಲು ಮಾಡಿಕೊಳ್ಳುತ್ತೇವೆ. ಪುಸ್ತಕದಲ್ಲಿ ಇದಕ್ಕೆ ಪ್ರೈಮರಿ ಸ್ಟ್ಯಾಂಡರ್ಡ್ ಅಂತಾರೆ.

ಈಗ ತೂಕ. 250 ಮಿ.ಲೀ. × 0.05 = 12.5 ಮಿಲಿಮೋಲ್. ಆಕ್ಸಾಲಿಕ್ ಆಮ್ಲದ ಹರಳಿನ ಮೋಲಾರ್ ತೂಕ 126. ಇಲ್ಲಿ ಜೋಪಾನ. ಆಮ್ಲದ್ದು 90, ಹರಳಿನೊಳಗೆ ಕೂತ ಎರಡು ನೀರಿನ ಅಣುಗಳದ್ದು 36. ಬಾಟಲಿ ಮೇಲೆ ಡೈಹೈಡ್ರೇಟ್ ಎಂದಿದ್ದರೆ 126 ಹಿಡಿಯಬೇಕು. ಹಾಗಾದರೆ 12.5 × 126 = 1575 ಮಿಲಿಗ್ರಾಂ, ಅಂದರೆ 1.575 ಗ್ರಾಂ. ನೀರು ಮರೆತು 90 ಹಿಡಿದವರು 1.125 ಗ್ರಾಂ ತೂಗುತ್ತಾರೆ. ಅವರು 0.05 ಅಂದುಕೊಂಡ ದ್ರಾವಣ ನಿಜಕ್ಕೂ 0.036 ಮೋಲಾರ್ ಮಾತ್ರ ಇರುತ್ತದೆ. ಮುಂದಿನ ಎಲ್ಲಾ ಲೆಕ್ಕ ಆ ತಪ್ಪನ್ನು ಹೊತ್ತುಕೊಂಡೇ ಹೋಗುತ್ತದೆ.

ತಕ್ಕಡಿಯಲ್ಲಿ ಸರಿಯಾಗಿ 1.575 ಬರಲೇಬೇಕು ಎಂದು ಹರಳು ಹಾಕಿ ತೆಗೆದು ಮಾಡುತ್ತಾ ಅರ್ಧ ಗಂಟೆ ಕಳೆಯುವವರನ್ನು ನೋಡಿದ್ದೇನೆ. ಬೇಡ. 1.600 ಬಂದರೆ ಅದನ್ನೇ ಬರೆದುಕೊಳ್ಳಿ. 1600 ÷ 126 = 12.70 ಮಿಲಿಮೋಲ್, 250ರಿಂದ ಭಾಗಿಸಿದರೆ 0.0508 ಮೋಲಾರ್. ಅದೇ ನಿಮ್ಮ ದ್ರಾವಣ. ಬೇಕಾದ ತೂಕ ಬರಬೇಕೆಂದಿಲ್ಲ, ಬಂದ ತೂಕ ನಿಜವಿರಬೇಕು.

ನಮ್ಮ ಹುಡುಗಿಗೆ 1.575 ಬಂದಿತ್ತು. ಹಾಗಾಗಿ ದ್ರಾವಣ 0.05. ಬ್ಯೂರೆಟ್‌ನಿಂದ ಇಳಿದ ಸೋಡಿಯಂ ಹೈಡ್ರಾಕ್ಸೈಡ್ ಅಂದಾಜಿನ ಮೊದಲ ಸಲ 10.1, ಆಮೇಲೆ 9.5, 9.5, 9.5 ಮಿ.ಲೀ. ಆಮ್ಲ ಮುಗಿದದ್ದನ್ನು ಬಣ್ಣದಿಂದ ತೋರಿಸಲು ಫಿನಾಲ್ಫ್‌ಥಲೀನ್ ಎಂಬ ಸೂಚಕವನ್ನು ಆಮ್ಲಕ್ಕೆ ಹಾಕಿರುತ್ತೇವೆ. ಮೊದಲಿನದು ಅದರ ಗುಲಾಬಿ ಬಣ್ಣ ಎಲ್ಲಿ ಬರುತ್ತದೆ ಎಂದು ತಿಳಿಯಲು ಮಾಡಿದ್ದು. ಅದನ್ನು ಸರಾಸರಿಗೆ ಸೇರಿಸಬಾರದು. ಒಂದಕ್ಕೊಂದು ಹೊಂದುವ ರೀಡಿಂಗ್‌ಗಳನ್ನಷ್ಟೇ ತಗೊಳ್ಳಿ.

ಆಕ್ಸಾಲಿಕ್ ಆಮ್ಲ: 10.0 × 0.05 = 0.50 ಮಿಲಿಮೋಲ್.
ಅನುಪಾತ 1ಕ್ಕೆ 2. ಸೋಡಿಯಂ ಹೈಡ್ರಾಕ್ಸೈಡ್: 0.50 × 2 = 1.00 ಮಿಲಿಮೋಲ್.
ಇದು ಇದ್ದದ್ದು 9.5 ಮಿ.ಲೀ.ಯಲ್ಲಿ. 1.00 ÷ 9.5 = 0.105 ಮೋಲಾರ್.
ಲೀಟರಿಗೆ ಗ್ರಾಂ (ಸೋಡಿಯಂ ಹೈಡ್ರಾಕ್ಸೈಡ್‌ನ ಮೋಲಾರ್ ತೂಕ 40): 0.105 × 40 = 4.2 ಗ್ರಾಂ.

ಅವಳ ನೋಟ್‌ಬುಕ್‌ನಲ್ಲಿ ಇದ್ದದ್ದು 0.0526. ಸರಿಯಾಗಿ ಅರ್ಧ. ಸಮೀಕರಣದ ಆ ಒಂದು ಎರಡನ್ನು ಪೆನ್ನಿನಿಂದ ಸುತ್ತು ಹಾಕಿ ತೋರಿಸಿದೆ. ಒಂದು ನಿಮಿಷ ಸುಮ್ನೆ ನೋಡಿದಳು. ಆಮೇಲೆ ತಾನೇ ಪೂರ್ತಿ ಲೆಕ್ಕ ಹೊಸ ಪುಟದಲ್ಲಿ ಬರೆದಳು.

ಇನ್ನೊಂದು ಮಾತು. ಉತ್ತರ 0.10526 ಎಂದು ಐದು ಅಂಕಿ ಬರೆಯಬೇಡಿ. ಬ್ಯೂರೆಟ್‌ನ ಚಿಕ್ಕ ಗೆರೆ 0.1 ಮಿ.ಲೀ. 9.5ರಲ್ಲಿ 0.1 ಆಚೀಚೆ ಆದರೆ ಸುಮಾರು ನೂರಕ್ಕೆ ಒಂದು ಪಾಲು ಆಚೀಚೆ. ನಿಮ್ಮ ಕೈಯಲ್ಲಿರುವ ಸಾಧನಕ್ಕೆ ಗೊತ್ತಿಲ್ಲದ ಅಂಕಿಯನ್ನು ನೀವು ಹೇಳುವಂತಿಲ್ಲ.

ನಾರ್ಮಾಲಿಟಿ ಬಂದರೆ

ಡಿಗ್ರಿ ಕಾಲೇಜುಗಳಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ನಾರ್ಮಾಲಿಟಿ ಇನ್ನೂ ಇದೆ. ಮೋಲಾರಿಟಿಯನ್ನು ಆ ವಸ್ತು ಕೊಡುವ ಅಥವಾ ಹಿಡಿಯುವ ಹೈಡ್ರೋಜನ್ ಸಂಖ್ಯೆಯಿಂದ ಗುಣಿಸಿದರೆ ನಾರ್ಮಾಲಿಟಿ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ 0.1 ನಾರ್ಮಲ್. ಅನುಪಾತ ಮೊದಲೇ ಒಳಗೆ ಸೇರಿರುವುದರಿಂದ ಎನ್1ವಿ1 = ಎನ್2ವಿ2 ಯಾವಾಗಲೂ ಸರಿ. ತೊಂದರೆ ಆಗುವುದು ಒಂದು ಕಡೆ ನಾರ್ಮಾಲಿಟಿ, ಇನ್ನೊಂದು ಕಡೆ ಮೋಲಾರಿಟಿ ಹಾಕಿದಾಗ. ಪ್ರಶ್ನೆಯಲ್ಲಿ ಎನ್ ಕಂಡರೆ ಮೊದಲು ಮೋಲಾರಿಟಿ ಮಾಡಿಕೊಂಡು ಮುಂದೆ ಹೋಗಿ ಎಂದೇ ನಾನು ಹೇಳುವುದು.

ಲೆಕ್ಕವನ್ನು ಕೆಡಿಸುವ ಕೈಕೆಲಸ

ಪಿಪೆಟ್‌ನಿಂದ ಆಮ್ಲ ಹಾಕುವ ಕೋನಿಕಲ್ ಫ್ಲಾಸ್ಕಿನ ಗೋಡೆಗೆ ಸಿಡಿದ ಹನಿಗಳನ್ನು ನೀರು ಹಾಕಿ ಕೆಳಗಿಳಿಸುತ್ತೇವೆ. ಆಗ ಮಕ್ಕಳು ಹೆದರುತ್ತಾರೆ: "ಸರ್, ಆ್ಯಸಿಡ್ ತೆಳು ಆಗೂದಿಲ್ಲೇನ್ರಿ?" ತೆಳು ಆಗುತ್ತದೆ. ಆದರೆ ಒಳಗಿರುವ ಮೋಲ್ ಬದಲಾಗುವುದಿಲ್ಲ. ಒಂದು ಲೋಟ ಪಾನಕಕ್ಕೆ ಇನ್ನೊಂದು ಲೋಟ ನೀರು ಸುರಿದರೆ ಬೆಲ್ಲ ಜಾಸ್ತಿಯೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ ಅಲ್ವಾ? ಹಾಗೆಯೇ. ಲೆಕ್ಕದಲ್ಲಿ ಪಿಪೆಟ್ ಕೊಟ್ಟ 10.0 ಮಿ.ಲೀ. ಮಾತ್ರ ಬರುತ್ತದೆ.

ಇದೇ ಕಾರಣಕ್ಕೆ ಫ್ಲಾಸ್ಕನ್ನು ಬರೀ ನೀರಿನಿಂದ ತೊಳೆಯಬೇಕು. ಅಳೆಯಬೇಕಾದ ಆಮ್ಲದಿಂದ ತೊಳೆದರೆ ಗೋಡೆಗೆ ಅಂಟಿದ ಆಮ್ಲ ಲೆಕ್ಕಕ್ಕೆ ಸಿಗದ ಮೋಲ್ ಆಗಿ ಉಳಿಯುತ್ತದೆ. ಬ್ಯೂರೆಟ್, ಪಿಪೆಟ್ ಇದಕ್ಕೆ ಉಲ್ಟಾ. ಅವುಗಳಲ್ಲಿ ನೀರಿನ ಹನಿ ಉಳಿದರೆ ದ್ರಾವಣವೇ ತೆಳುವಾಗುತ್ತದೆ. ಅದಕ್ಕೆ ಯಾವ ದ್ರಾವಣ ತುಂಬುತ್ತೀರೋ ಅದರಿಂದಲೇ ಒಮ್ಮೆ ಜಾಲಿಸಬೇಕು. ತುಂಬಿದ ಮೇಲೆ ಬ್ಯೂರೆಟ್ ಬಾಯಿಂದ ಫನಲ್ ತೆಗೆಯಿರಿ. ನಾನು ಓದುವಾಗ ಒಂದು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫನಲ್ ತೆಗೆಯದೇ ಬಿಟ್ಟಿದ್ದೆ. ಅದರ ತುದಿಯಿಂದ ಒಂದೊಂದು ಹನಿ ಇಳಿಯುತ್ತಿತ್ತು. ಮೂರು ರೀಡಿಂಗ್ ಮೂರು ಥರ ಬಂದವು. ಕಾರಣ ತಿಳಿಯುವ ಹೊತ್ತಿಗೆ ಗಂಟೆ ಹೊಡೆದಿತ್ತು. ಪಿಪೆಟ್ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಿ ಇಳಿಸಬೇಡಿ. ಆ ಹನಿ ಉಳಿಯುತ್ತದೆ ಎಂದು ಲೆಕ್ಕ ಹಿಡಿದೇ ಪಿಪೆಟ್‌ಗೆ ಗೆರೆ ಹಾಕಿರುತ್ತಾರೆ. ಬಾಯಿಂದ ಎಳೆಯುವುದಂತೂ ಬೇಡವೇ ಬೇಡ, ರಬ್ಬರ್ ಬಲ್ಬ್ ಬಳಸಿ. ಕಾಸ್ಟಿಕ್ ಸೋಡಾ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕಿಕೊಳ್ಳಿ.

ವಿನೆಗರ್: ತೆಳು ಮಾಡಿದ್ದನ್ನು ಮರೆಯಬೇಡಿ

ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಸಂಜೆ ಹೋದರೆ ಗೋಬಿ ಮಂಚೂರಿ ಗಾಡಿಗಳ ಮೇಲೆ ವಿನೆಗರ್ ಬಾಟಲಿ ಕಾಣುತ್ತದೆ. ಅದರಲ್ಲಿರುವುದು ಅಸಿಟಿಕ್ ಆಮ್ಲ. ಅದು ನೇರ ಟೈಟ್ರೇಶನ್‌ಗೆ ಬಹಳ ಗಟ್ಟಿ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕುತ್ತಾ ಹೋದರೆ ಒಂದು ಬ್ಯೂರೆಟ್ ಖಾಲಿಯಾದರೂ ಬಣ್ಣ ಬರುವುದಿಲ್ಲ. ಹಾಗಾಗಿ ಮೊದಲು ತೆಳು ಮಾಡುತ್ತೇವೆ.

ಲೆಕ್ಕಕ್ಕೆ ಈ ಅಂಕಿಗಳನ್ನು ಹಿಡಿಯೋಣ. 10.0 ಮಿ.ಲೀ. ವಿನೆಗರನ್ನು 100 ಮಿ.ಲೀ.ಗೆ ತೆಳು ಮಾಡಿದಿರಿ. ಆ ತೆಳು ದ್ರಾವಣದ 10.0 ಮಿ.ಲೀ. ತೆಗೆದು ಟೈಟ್ರೇಟ್ ಮಾಡಿದಾಗ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 7.2 ಮಿ.ಲೀ. ಹಿಡಿಯಿತು.

ಸೋಡಿಯಂ ಹೈಡ್ರಾಕ್ಸೈಡ್ 0.72 ಮಿಲಿಮೋಲ್. ಅಸಿಟಿಕ್ ಆಮ್ಲ ಒಂದೇ ಹೈಡ್ರೋಜನ್ ಬಿಡುತ್ತದೆ, ಅದೂ 0.72. ಈಗ ನಿಂತು ಕೇಳಿಕೊಳ್ಳಿ: ಈ 0.72 ಎಲ್ಲಿತ್ತು? ಫ್ಲಾಸ್ಕಿಗೆ ಹಾಕಿದ 10 ಮಿ.ಲೀ. ತೆಳು ದ್ರಾವಣದಲ್ಲಿ. ಅಂಥ ಹತ್ತು ಪಾಲು ಇಡೀ 100 ಮಿ.ಲೀ.ಯಲ್ಲಿ ಇವೆ. ಹಾಗಾದರೆ 100 ಮಿ.ಲೀ.ಯಲ್ಲಿ 7.2 ಮಿಲಿಮೋಲ್. ಈ 7.2 ಎಲ್ಲಿಂದ ಬಂತು? ಬಾಟಲಿಯಿಂದ ತೆಗೆದ 10 ಮಿ.ಲೀ. ವಿನೆಗರ್‌ನಿಂದ. ಹಾಗಾದರೆ ವಿನೆಗರ್ 7.2 ÷ 10 = 0.72 ಮೋಲಾರ್. ಅಸಿಟಿಕ್ ಆಮ್ಲದ ಮೋಲಾರ್ ತೂಕ 60. ಲೀಟರಿಗೆ 43.2 ಗ್ರಾಂ, 100 ಮಿ.ಲೀ.ಗೆ ಸುಮಾರು 4.3 ಗ್ರಾಂ. ಅಂಗಡಿಯ ವಿನೆಗರ್ ಸಾಮಾನ್ಯವಾಗಿ 4–5 ಶೇಕಡಾ ಇರುತ್ತದೆ, ಉತ್ತರ ನಂಬುವಂತಿದೆ.

"ಎಲ್ಲಿತ್ತು? ಎಲ್ಲಿಂದ ಬಂತು?" ಈ ಎರಡು ಪ್ರಶ್ನೆ ಕೇಳಿಕೊಂಡರೆ ಡೈಲ್ಯೂಶನ್ ಫ್ಯಾಕ್ಟರ್ ಎಂಬ ಪದ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಎರಡು ಕಡೆಯೂ 10 ಇರುವುದರಿಂದ ಒಂದನ್ನು ಬಿಟ್ಟುಬಿಡುವುದು ಸುಲಭ. ಹಾಗೆ ಬಿಟ್ಟವರಿಗೆ 0.4 ಶೇಕಡಾ ಬರುತ್ತದೆ. ವಿನೆಗರ್ ಅಷ್ಟು ನೀರಾಗಿದ್ದರೆ ಗೋಬಿಗೆ ಹುಳಿಯೇ ಹತ್ತುತ್ತಿರಲಿಲ್ಲ. ಉತ್ತರ ಬಂದ ಮೇಲೆ ಅದನ್ನು ನಾಲಿಗೆಯ ಅನುಭವದ ಜೊತೆ ಹೋಲಿಸಿ ನೋಡುವ ರೂಢಿ ಒಳ್ಳೆಯದು.

ಹಾಲಿಗೂ ಇದೇ ಲೆಕ್ಕ. ಧಾರವಾಡ ಪೇಢೆ ಮಾಡುವವರಿಗೆ ಹಾಲಿನ ಹುಳಿ ಗೊತ್ತಿರಲೇಬೇಕು, ಹುಳಿ ಏರಿದ ಹಾಲು ಕಾಯಿಸಿದರೆ ಒಡೆಯುತ್ತದೆ. 10 ಮಿ.ಲೀ. ಹಾಲಿಗೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 1.7 ಮಿ.ಲೀ. ಹಿಡಿದರೆ 0.17 ಮಿಲಿಮೋಲ್. ಲ್ಯಾಕ್ಟಿಕ್ ಆಮ್ಲದ ಮೋಲಾರ್ ತೂಕ 90, ಹಾಗಾಗಿ 15.3 ಮಿಲಿಗ್ರಾಂ, ಅಂದರೆ ಸುಮಾರು 0.15 ಶೇಕಡಾ. ತಾಜಾ ಹಾಲು ಇಷ್ಟು ತೋರಿಸುತ್ತದೆ. ಇದರಲ್ಲಿ ಹೆಚ್ಚಿನದು ನಿಜವಾದ ಲ್ಯಾಕ್ಟಿಕ್ ಆಮ್ಲ ಅಲ್ಲ, ಹಾಲಿನ ಪ್ರೋಟೀನು ಮತ್ತು ಫಾಸ್ಫೇಟ್‌ಗಳ ಪಾಲು. ಆದರೂ ಡೇರಿಯವರು ಎಲ್ಲವನ್ನೂ ಲ್ಯಾಕ್ಟಿಕ್ ಆಮ್ಲ ಎಂದೇ ಲೆಕ್ಕ ಬರೆಯುತ್ತಾರೆ.

ಚಿಲ್ಲರೆ ಎಣಿಸುವ ಲೆಕ್ಕ

ಬ್ಯಾಕ್ ಟೈಟ್ರೇಶನ್ ಎಂದರೆ ಮಕ್ಕಳು ಪುಟ ತಿರುಗಿಸುತ್ತಾರೆ. ನನಗೆ ಇದೇ ಇಷ್ಟದ ಲೆಕ್ಕ. ಅವ್ವ ನಿಮ್ಮ ಕೈಗೆ 500 ರೂಪಾಯಿ ಕೊಟ್ಟು ಸಂತೆಗೆ ಕಳಿಸುತ್ತಾಳೆ. ಏನೇನು ಎಷ್ಟೆಷ್ಟಕ್ಕೆ ತಂದೆ ಎಂದು ಬಿಡಿಸಿ ಕೇಳುವುದಿಲ್ಲ. ಉಳಿದ ಚಿಲ್ಲರೆ ಎಣಿಸುತ್ತಾಳೆ. 112 ಉಳಿದಿದೆ, 388 ಖರ್ಚಾಗಿದೆ. ಬ್ಯಾಕ್ ಟೈಟ್ರೇಶನ್ ಅಷ್ಟೇ.

ಕೋಳಿ ಮೊಟ್ಟೆಯ ಚಿಪ್ಪಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಷ್ಟಿದೆ? ಚಿಪ್ಪು ನೀರಲ್ಲಿ ಕರಗುವುದಿಲ್ಲ. ಆಮ್ಲದಲ್ಲೂ ನಿಧಾನ ಕರಗುತ್ತದೆ. ಹನಿ ಹನಿಯಾಗಿ ಆಮ್ಲ ಬಿಟ್ಟು ಯಾವಾಗ ಮುಗಿಯಿತು ಎಂದು ಹಿಡಿಯುವುದು ಕಷ್ಟ. ಅದಕ್ಕೆ ಮೊದಲೇ ಬೇಕಾದ್ದಕ್ಕಿಂತ ಜಾಸ್ತಿ ಆಮ್ಲ, ಅಳತೆ ಮಾಡಿ, ಸುರಿಯುತ್ತೇವೆ. ಚಿಪ್ಪು ತನಗೆ ಬೇಕಾದಷ್ಟು ತಿನ್ನಲಿ. ಉಳಿದ ಆಮ್ಲವನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಎಣಿಸುತ್ತೇವೆ.

ಒಳಗಿನ ತೆಳು ಪೊರೆ ಬಿಡಿಸಿ, ಚಿಪ್ಪನ್ನು ಒಣಗಿಸಿ, ಪುಡಿ ಮಾಡಿ 0.500 ಗ್ರಾಂ ತೂಗಿದಿರಿ. 0.25 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50.0 ಮಿ.ಲೀ. ಹಾಕಿದಿರಿ. ನೊರೆ ಎದ್ದು ಬುಸುಗುಟ್ಟಿತು, ಅದು ಕಾರ್ಬನ್ ಡೈಆಕ್ಸೈಡ್. ನೊರೆ ನಿಂತ ಮೇಲೆ ಸ್ವಲ್ಪ ಕುದಿಸಿ, ಒಳಗೆ ಕರಗಿ ಉಳಿದ ಅನಿಲವನ್ನೂ ಓಡಿಸಿ, ಆರಿಸಿ. ಆಮೇಲೆ ಫಿನಾಲ್ಫ್‌ಥಲೀನ್ ಹಾಕಿ ಟೈಟ್ರೇಟ್ ಮಾಡಿದರೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 28.0 ಮಿ.ಲೀ. ಹಿಡಿಯಿತು ಎಂದಿಟ್ಟುಕೊಳ್ಳಿ.

ಕೊಟ್ಟ ಆಮ್ಲ: 50.0 × 0.25 = 12.5 ಮಿಲಿಮೋಲ್.
ಉಳಿದ ಚಿಲ್ಲರೆ: 28.0 × 0.1 = 2.8 ಮಿಲಿಮೋಲ್.
ಚಿಪ್ಪು ತಿಂದದ್ದು: 12.5 − 2.8 = 9.7 ಮಿಲಿಮೋಲ್.

ಇಲ್ಲಿ ಮತ್ತೆ ಆ ಎರಡು ಕಾಯುತ್ತಿರುತ್ತದೆ. ಒಂದು ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಎರಡು ಹೈಡ್ರೋಕ್ಲೋರಿಕ್ ಆಮ್ಲ. ಹಾಗಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ 4.85 ಮಿಲಿಮೋಲ್. ಮೋಲಾರ್ ತೂಕ 100, ತೂಕ 485 ಮಿಲಿಗ್ರಾಂ. 500ರಲ್ಲಿ 485, ಶೇಕಡಾ 97. ಅರ್ಧ ಮಾಡಲು ಮರೆತರೆ ಶೇಕಡಾ 194 ಬರುತ್ತದೆ. ಚಿಪ್ಪಿಗಿಂತ ಚಿಪ್ಪಿನೊಳಗಿನ ವಸ್ತು ಜಾಸ್ತಿ ಇರಲು ಸಾಧ್ಯವಿಲ್ಲ. ಇಲ್ಲಿ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ.

ಎರಡು ಬಣ್ಣ, ಎರಡು ನಿಲ್ದಾಣ

ಸಿಇಟಿಗೆ ಓದುವವರು ಇದನ್ನು ಬಿಡಬಾರದು. ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಕಾರ್ಬೊನೇಟ್ ಎರಡೂ ಕಲೆತ ದ್ರಾವಣ ಇದೆ. 25.0 ಮಿ.ಲೀ.ಗೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಫಿನಾಲ್ಫ್‌ಥಲೀನ್‌ನ ಗುಲಾಬಿ 17.5 ಮಿ.ಲೀ.ಗೆ ಹೋಯಿತು. ಅದಕ್ಕೇ ಮೀಥೈಲ್ ಆರೆಂಜ್ ಎಂಬ ಇನ್ನೊಂದು ಸೂಚಕ ಹಾಕಿ ಮುಂದುವರಿಸಿದರೆ ಇನ್ನೂ 5.0 ಮಿ.ಲೀ. ಹಿಡಿದು ಹಳದಿ ಬಣ್ಣ ಕೆಂಪಿಗೆ ತಿರುಗಿತು.

ಕಾರ್ಬೊನೇಟ್ ಎರಡು ಹಂತದಲ್ಲಿ ಆಮ್ಲ ಹಿಡಿಯುತ್ತದೆ. ಮೊದಲು ಬೈಕಾರ್ಬೊನೇಟ್ ಆಗುತ್ತದೆ, ಅಲ್ಲಿ ಫಿನಾಲ್ಫ್‌ಥಲೀನ್ ಬಣ್ಣ ಕಳೆದುಕೊಳ್ಳುತ್ತದೆ. ಆಮೇಲೆ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ, ಅಲ್ಲಿ ಮೀಥೈಲ್ ಆರೆಂಜ್ ತಿರುಗುತ್ತದೆ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು ಹೊರಟಿದೆ ಅಂದುಕೊಳ್ಳಿ. ಸೋಡಿಯಂ ಹೈಡ್ರಾಕ್ಸೈಡ್‌ನವರು ನಡುವೆ ನವನಗರದಲ್ಲೇ ಇಳಿಯುತ್ತಾರೆ. ಕಾರ್ಬೊನೇಟ್‌ನವರು ಹುಬ್ಬಳ್ಳಿವರೆಗೆ ಹೋಗುತ್ತಾರೆ. ನವನಗರದ ಮುಂದೆ ಬಸ್ಸಿನಲ್ಲಿ ಕೂತವರೆಲ್ಲ ಕಾರ್ಬೊನೇಟ್‌ನವರೇ. ಮೊದಲು ಅವರನ್ನು ಎಣಿಸಿ: 5.0 × 0.1 = 0.50 ಮಿಲಿಮೋಲ್ ಕಾರ್ಬೊನೇಟ್. ನವನಗರದವರೆಗೆ ಇಬ್ಬರೂ ಇದ್ದರು: 1.75. ಅದರಲ್ಲಿ ಕಾರ್ಬೊನೇಟ್ 0.50 ಕಳೆದರೆ ಸೋಡಿಯಂ ಹೈಡ್ರಾಕ್ಸೈಡ್ 1.25 ಮಿಲಿಮೋಲ್. 25.0ರಿಂದ ಭಾಗಿಸಿ: ಕಾರ್ಬೊನೇಟ್ 0.020 ಮೋಲಾರ್, ಸೋಡಿಯಂ ಹೈಡ್ರಾಕ್ಸೈಡ್ 0.050 ಮೋಲಾರ್. ಎರಡನೇ ರೀಡಿಂಗ್ ಮೊದಲನೆಯದಕ್ಕಿಂತ ಜಾಸ್ತಿ ಬಂದರೆ ದಾರಿಯಲ್ಲಿ ಹೊಸಬರು ಹತ್ತಿದ್ದಾರೆ, ಅಂದರೆ ದ್ರಾವಣದಲ್ಲಿ ಮೊದಲೇ ಬೈಕಾರ್ಬೊನೇಟ್ ಇತ್ತು.

ಬೋರ್‌ವೆಲ್ ನೀರಿನ ಕ್ಷಾರೀಯತೆ ನೋಡುವುದೂ ಹೀಗೆಯೇ. ಗದಗದ ಕಡೆಯ ಒಂದು ಬೋರ್ ನೀರು 50 ಮಿ.ಲೀ.ಗೆ ಮೀಥೈಲ್ ಆರೆಂಜ್ ಹಾಕಿದಾಗ 0.02 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 14.0 ಮಿ.ಲೀ. ಹಿಡಿದರೆ 0.28 ಮಿಲಿಮೋಲ್. ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಬರೆಯುವುದು ಪದ್ಧತಿ, ಅರ್ಧ ಮಾಡಿ 0.14, ಅಂದರೆ 14 ಮಿಲಿಗ್ರಾಂ. ಲೀಟರಿಗೆ 280. ಕುಡಿಯುವ ನೀರಿನ ಭಾರತೀಯ ಮಾನದಂಡ 200ರವರೆಗೆ ಒಳ್ಳೆಯದು ಎನ್ನುತ್ತದೆ, ಬೇರೆ ನೀರು ಸಿಗದಿದ್ದರೆ 600ರವರೆಗೆ ಬಿಡುತ್ತದೆ.

ಒಂದು ಹನಿಗೆ ಬಣ್ಣ ಬರುವುದು ಹೇಗೆ

ಆರತಿಗೆ ಅರಿಶಿನದ ನೀರಿಗೆ ಸುಣ್ಣ ಕದಡಿದಾಗ ಕೆಂಪಾಗುವುದನ್ನು ಎಲ್ಲರೂ ನೋಡಿದ್ದೀರಿ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಫಿನಾಲ್ಫ್‌ಥಲೀನ್ ಮಾಡುವ ಕೆಲಸವೂ ಅದೇ, ಅದು ಪಿಎಚ್ (ಆಮ್ಲ–ಪ್ರತ್ಯಾಮ್ಲದ ಅಳತೆ: 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ) 8.3ರಿಂದ 10ರ ನಡುವೆ ಗುಲಾಬಿ ಆಗುತ್ತದೆ. ಆದರೆ ಸಮ ಆಗುವ ಬಿಂದು 7 ಅಲ್ವಾ, ಉತ್ತರ ತಪ್ಪುವುದಿಲ್ವಾ?

25.0 ಮಿ.ಲೀ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 24.95 ಮಿ.ಲೀ. ಹಾಕಿದ್ದೀರಿ. ಒಂದು ಹನಿ ಬಾಕಿ. ಉಳಿದ ಆಮ್ಲ 0.005 ಮಿಲಿಮೋಲ್. ಇಲ್ಲಿ ಮಾತ್ರ ಒಟ್ಟು ಪ್ರಮಾಣ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಪಿಎಚ್ ಸಾಂದ್ರತೆಯ ಮಾತು. 0.005 ÷ 49.95, ಸುಮಾರು 0.0001 ಮೋಲಾರ್. ಪಿಎಚ್ 4. ಈಗ ಎರಡು ಹನಿ ಹಾಕಿ, 25.05 ಮಿ.ಲೀ. ಆಯಿತು. ಪ್ರತ್ಯಾಮ್ಲ ಅಷ್ಟೇ ಜಾಸ್ತಿ. ಪಿಎಚ್ 10. ಎರಡೇ ಹನಿಯಲ್ಲಿ 4ರಿಂದ 10ಕ್ಕೆ ಹಾರಿತು. ಆ ಹಾರುವ ಜಾಗದಲ್ಲಿ 7 ಎಲ್ಲೋ ನಡುವೆ ದಾಟಿಹೋಯಿತು. ಫಿನಾಲ್ಫ್‌ಥಲೀನ್ 8.3ಕ್ಕೆ ಎಚ್ಚರಾದರೂ ಹೆಚ್ಚೆಂದರೆ ಒಂದು ಹನಿಯ ವ್ಯತ್ಯಾಸ.

ಅಸಿಟಿಕ್‌ನಂಥ ಮೆತ್ತಗಿನ ಆಮ್ಲಕ್ಕೆ ಈ ಹಾರು ಚಿಕ್ಕದು. ಸಮ ಆಗುವ ಬಿಂದುವೇ 8.7ರ ಹತ್ತಿರ. ಅದಕ್ಕೆ ಫಿನಾಲ್ಫ್‌ಥಲೀನೇ ಬೇಕು. 3.1ರಿಂದ 4.4ರ ನಡುವೆ ತಿರುಗುವ ಮೀಥೈಲ್ ಆರೆಂಜ್ ಹಾಕಿದರೆ ಬಹಳ ಮೊದಲೇ ಬಣ್ಣ ಬದಲಾಗಿ ರೀಡಿಂಗ್ ಕಡಿಮೆ ಬರುತ್ತದೆ.

ಗುಲಾಬಿ ಬಂದು ಅರ್ಧ ನಿಮಿಷ ನಿಂತರೆ ಸಾಕು. ಆಮೇಲೆ ಮೆಲ್ಲಗೆ ಮಾಸಿದರೆ ಇನ್ನೊಂದು ಹನಿ ಹಾಕಬೇಡಿ. ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೆಲಸ.

ಮಾಡಿ ನೋಡಲು ಮೂರು

ಒಂದು. 20.0 ಮಿ.ಲೀ. ಸಲ್ಫ್ಯೂರಿಕ್ ಆಮ್ಲಕ್ಕೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 16.0 ಮಿ.ಲೀ. ಆಮ್ಲದ ಮೋಲಾರಿಟಿ ಮತ್ತು ಲೀಟರಿಗೆ ಗ್ರಾಂ ಎಷ್ಟು? ಮೋಲಾರ್ ತೂಕ 98.

ಎರಡು. ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿ ಸೋಸಿದಿರಿ. 25.0 ಮಿ.ಲೀ. ತಿಳಿಗೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 11.0 ಮಿ.ಲೀ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೀಟರಿಗೆ ಎಷ್ಟು ಗ್ರಾಂ? ಮೋಲಾರ್ ತೂಕ 74.

ಮೂರು. 5.0 ಮಿ.ಲೀ. ನಿಂಬೆರಸವನ್ನು 100 ಮಿ.ಲೀ.ಗೆ ತೆಳು ಮಾಡಿ, ಅದರಲ್ಲಿ 20.0 ಮಿ.ಲೀ. ತೆಗೆದಾಗ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 8.4 ಮಿ.ಲೀ. ಸಿಟ್ರಿಕ್ ಆಮ್ಲ ಮೂರು ಹೈಡ್ರೋಜನ್ ಬಿಡುತ್ತದೆ, ಮೋಲಾರ್ ತೂಕ 192. 100 ಮಿ.ಲೀ. ರಸದಲ್ಲಿ ಎಷ್ಟು ಗ್ರಾಂ?

ಉತ್ತರಗಳು: ಒಂದಕ್ಕೆ 0.040 ಮೋಲಾರ್, 3.92 ಗ್ರಾಂ. ಎರಡಕ್ಕೆ 0.022 ಮೋಲಾರ್, ಸುಮಾರು 1.6 ಗ್ರಾಂ. ಮೂರಕ್ಕೆ 0.28 ಮೋಲಾರ್, ಸುಮಾರು 5.4 ಗ್ರಾಂ. ಮೂರನೆಯದರಲ್ಲಿ 16.1 ಬಂದಿದ್ದರೆ ಮೂರರಿಂದ ಭಾಗಿಸಿಲ್ಲ. 0.27 ಬಂದಿದ್ದರೆ ತೆಳು ಮಾಡಿದ್ದನ್ನು ಮರೆತಿದ್ದೀರಿ.